ಪುರ್ವಾಕಾರ್ತಾದ ತೆತೆ, ನಾನು ಮತ್ತು ಬಂಗುಡೆ ಸಾರಿನ ವಿಡಿಯೋ

ನನ್ನ ಬಾಣಂತನ ನಡೆದದ್ದು ಫೋನಿನಲ್ಲಿ. ಹಗಲು ಹೊತ್ತು ಅಮ್ಮ ಕುಂದಾಪುರದಿಂದ ವಿಡಿಯೋ ಕಾಲ್ ಮಾಡಿ ಮಗುವಿಗೆ ಎಣ್ಣೆ ಹಚ್ಚುವುದು ಹೇಗೆ, ನನ್ನ ಹೊಟ್ಟೆಗೆ ಬಟ್ಟೆ ಕಟ್ಟುವುದು ಹೇಗೆ ಅಂತ ಹೇಳಿಕೊಡುತ್ತಿದ್ದಳು. ರಾತ್ರಿ ಮಗು ಎದ್ದಾಗ ಇಂಡೋನೇಷ್ಯಾದ ಅಮ್ಮಂದಿರ ವಿಡಿಯೋ. ಅವರ ಬಗ್ಗೆ ಬರೆಯಬೇಕು ಅಂತ ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.

ನಾವು ಪುರ್ವಾಕಾರ್ತಾಕ್ಕೆ ಬಂದದ್ದು 2020ರ ಜನವರಿಯಲ್ಲಿ. ಪಶ್ಚಿಮ ಜಾವಾದ ಊರು ಇದು, ಜಕಾರ್ತಾದಿಂದ ಬಾಂಡುಂಗ್ ಕಡೆ ಹೋಗುವಾಗ ದಾರಿಯಲ್ಲಿ ಸಿಗುತ್ತದೆ. ಜಾತಿಲುಹುರ್ ಅಣೆಕಟ್ಟು ಇರುವುದು ಇಲ್ಲೇ. ನೂಲು, ಬಟ್ಟೆಯ ಫ್ಯಾಕ್ಟರಿಗಳಿವೆ, ಹಾಗಾಗಿ ಇಂಡಿಯಾದವರು ಬಹಳ ವರ್ಷದಿಂದ ಇದ್ದಾರೆ. ನನ್ನ ಗಂಡನಿಗೂ ಅಂಥದ್ದೇ ಒಂದು ಕಡೆ ಕೆಲಸ. ನಾನು ಆಗ ನಾಲ್ಕು ತಿಂಗಳ ಬಸುರಿ. ಮೇ ತಿಂಗಳಿಗೆ ಅಮ್ಮನ ಟಿಕೆಟ್ ಆಗಿತ್ತು. ಮಾರ್ಚ್ ಕೊನೆಗೆ ಇಂಡಿಯಾದಿಂದ ವಿಮಾನಗಳೇ ನಿಂತವು. ಜೂನ್ 20ಕ್ಕೆ ಮಗಳು ಹುಟ್ಟಿದಳು. ಮನೆಯಲ್ಲಿ ನಾನು, ಗಂಡ, ಮಗು. ಹೊರಗೆ ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ.

ಭಾಷೆ ಬರುತ್ತಿರಲಿಲ್ಲ. ಅದೇ ದೊಡ್ಡ ಕಷ್ಟ. ಬೆಳಿಗ್ಗೆ ಗಾಡಿ ತಳ್ಳಿಕೊಂಡು "ಸಾಯೂರ್, ಸಾಯೂರ್" ಅಂತ ಕೂಗುತ್ತಾ ತರಕಾರಿಯವರು ಬರುತ್ತಿದ್ದರು, ನಾನು ಬೆರಳು ತೋರಿಸಿ ಕೊಳ್ಳುತ್ತಿದ್ದೆ. ಎಷ್ಟು ಕೊಟ್ಟೆ, ಎಷ್ಟು ವಾಪಸ್ ಬಂತು, ಒಂದೂ ಅರ್ಥವಾಗುತ್ತಿರಲಿಲ್ಲ. ಐದು ಸಾವಿರ, ಹತ್ತು ಸಾವಿರದ ನೋಟುಗಳು ಕೈಯಲ್ಲಿ ಹಿಡಿದರೆ ಗಾಬರಿ ಆಗುತ್ತದೆ, ಅಲ್ವಾ? ಆಗ ನಮ್ಮ ಒಂದು ರೂಪಾಯಿಗೆ ಅಲ್ಲಿನ ಸುಮಾರು 190 ರುಪಿಯಾ.

ಆಗ ಸಿಕ್ಕಿದ್ದು ಈ ವಿಡಿಯೋಗಳು. ಮೊದಮೊದಲು ಫೋನು ತೋರಿಸಿದ್ದು ಬಿಳಿ ಅಡುಗೆಮನೆ, ಒಂದೇ ಬಣ್ಣದ ಡಬ್ಬಿಗಳ ಸಾಲು, ಮೇಕಪ್ ಮಾಡಿಕೊಂಡ ತಾಯಿ. ಅದರಲ್ಲಿ ನನಗೆ ಬೇಕಾದ್ದು ಏನೂ ಇರಲಿಲ್ಲ. ಒಂದು ರಾತ್ರಿ ಬೇರೆ ಥರದ್ದು ಬಂತು. ಮುಖವೇ ಕಾಣಿಸುವುದಿಲ್ಲ. ದಾಸ್ತರ್ ಹಾಕಿದ ಒಬ್ಬ ಹೆಂಗಸು, ದಾಸ್ತರ್ ಅಂದರೆ ನಮ್ಮ ನೈಟಿಯ ಥರದ ಬಾಟಿಕ್ ಬಟ್ಟೆಯ ಸಡಿಲ ಉಡುಪು. ನೆಲದ ಮೇಲೆ ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದೊಂದೇ ಸಾಮಾನು ತೆಗೆದು ಇಡುತ್ತಾರೆ. ಕಾಂಕುಂಗ್ ಸೊಪ್ಪು ಒಂದು ಕಟ್ಟು, ಇಷ್ಟು. ತೆಂಪೆ, ಅಂದರೆ ಸೋಯಾ ಕಾಳನ್ನು ಹುಳಿಬರಿಸಿ ಮಾಡಿದ ಗಟ್ಟಿ, ಒಂದು ತುಂಡು, ಇಷ್ಟು. ಮೊಟ್ಟೆ ಕಾಲು ಕಿಲೋ, ಇಷ್ಟು. ಹೌದು, ಅಲ್ಲಿ ಮೊಟ್ಟೆ ತೂಕ ಮಾಡಿ ಕೊಡುತ್ತಾರೆ. ಕೊನೆಗೆ ಎಲ್ಲ ಕೂಡಿಸಿ ಒಂದು ಲೆಕ್ಕ: ಇವತ್ತಿನ ಖರ್ಚು 50,000 ರುಪಿಯಾ. ಆಮೇಲೆ ಅದರಲ್ಲೇ ಮೂರು ಹೊತ್ತಿನ ಅಡುಗೆ.

50,000 ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 260 ರೂಪಾಯಿ. ನಾನು ಆ ವಿಡಿಯೋವನ್ನು ಆವತ್ತು ರಾತ್ರಿ ಆರೇಳು ಸಲ ನೋಡಿದೆ. ಬೆಳಿಗ್ಗೆ ಗಾಡಿ ಬಂದಾಗ ಕಾಂಕುಂಗ್ ತೋರಿಸಿ ಬೆಲೆಯನ್ನು ನಾನೇ ಹೇಳಿದೆ. ಆತ ನಕ್ಕು ತಲೆ ಆಡಿಸಿದ. ಆ ದಿನದ ಖುಷಿ ಈಗಲೂ ನೆನಪಿದೆ.

ಹೀಗೆ ದಿನಾ ನೋಡುತ್ತಾ ಭಾಷೆ ಬಂತು. ಮೊದಲು ಅಂಕಿಗಳು, ಆಮೇಲೆ ತರಕಾರಿ, ಆಮೇಲೆ ಕ್ರಿಯಾಪದಗಳು. ಒಗ್ಗರಣೆಯ ಥರ ಎಣ್ಣೆಯಲ್ಲಿ ಬಾಡಿಸುವುದಕ್ಕೆ ತುಮಿಸ್, ಬೇಯಿಸುವುದಕ್ಕೆ ರೆಬುಸ್. ನಡುನಡುವೆ ನಮ್ಮದೇ ಪದಗಳು ಎದುರಾಗುತ್ತಿದ್ದವು. ಭಾಷೆಗೆ ಬಹಾಸಾ. ಉಪವಾಸಕ್ಕೆ ಪುಆಸಾ. ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತ್ರಿ. ಸೋಯಾ ಕಾಳಿಗೆ ಕೆದಲೆಯ್ ಅನ್ನುತ್ತಾರೆ, ತಮಿಳಿನ ಕಡಲೈ, ನಮ್ಮ ಕಡಲೆ, ಸಮುದ್ರ ದಾಟಿ ಬೇರೆ ಕಾಳಿಗೆ ಹೆಸರಾಗಿದೆ. ಈ ವಿಡಿಯೋಗಳಲ್ಲಿ ಗಂಡನನ್ನು "ಪಾಕ್ಸು" ಅಂತ ಕರೆಯುತ್ತಾರೆ, ಪಾಕ್ ಸುಆಮಿ ಅನ್ನುವುದನ್ನು ಕತ್ತರಿಸಿ ಮಾಡಿದ ಪದ, ಗಂಡರಾಯರು ಅಂದ ಹಾಗೆ. ಇನ್ನು "ಬುಇಬು". ಅಲ್ಲಿ ಬಹುವಚನಕ್ಕೆ ಪದವನ್ನು ಎರಡು ಸಲ ಹೇಳುತ್ತಾರೆ. ತಾಯಂದಿರು ಅಂದರೆ ಇಬು-ಇಬು. ಬೇಗ ಬೇಗ ಹೇಳಿ ಅದು ಬುಇಬು ಆಗಿದೆ. "ಹಾಯ್ ಬುಇಬು" ಅಂತ ಶುರುವಾದರೆ ನನ್ನನ್ನೂ ಸೇರಿಸಿಯೇ ಕರೆದ ಹಾಗೆ ಅನಿಸುತ್ತಿತ್ತು.

ಡಿಸೆಂಬರ್‌ನಲ್ಲಿ ಮಗಳಿಗೆ ಆರು ತಿಂಗಳು ತುಂಬಿತು. ಅಲ್ಲಿ ತಾಯಿಹಾಲಿಗೆ ಆಸಿ ಅನ್ನುತ್ತಾರೆ, ಆರು ತಿಂಗಳ ನಂತರ ಕೊಡುವ ಊಟಕ್ಕೆ ಎಂ-ಪೆ-ಆಸಿ. ಈ ಒಂದು ವಿಷಯದ ಮೇಲೆ ಇರುವಷ್ಟು ವಿಡಿಯೋ ಬೇರೆ ಯಾವುದರ ಮೇಲೂ ಇಲ್ಲವೇನೋ. ಅನ್ನ, ಒಂದು ಪ್ರಾಣಿಮೂಲದ ಪ್ರೋಟೀನು, ತೆಂಪೆಯೋ ತೋಫುವೋ, ಸ್ವಲ್ಪ ತರಕಾರಿ, ಮೇಲೆ ಎಣ್ಣೆ ಅಥವಾ ತೆಂಗಿನ ಹಾಲು. ಎಲ್ಲ ಬೇಯಿಸಿ, ಅರೆದು, ಜಾಲರಿಗೆ ಹಾಕಿ ಚಮಚದ ಬೆನ್ನಿನಿಂದ ತಿಕ್ಕುತ್ತಾರೆ. ಜಾಲರಿಯ ಅಡಿಯಲ್ಲಿ ಅಂಟಿಕೊಂಡದ್ದನ್ನೂ ಬಿಡದೆ ಕೆರೆದು ತೆಗೆಯುತ್ತಾರೆ. ಆಮೇಲೆ ಚಮಚ ಓರೆ ಮಾಡಿ ತೋರಿಸುತ್ತಾರೆ. ಗಂಜಿ ಸುರಿದು ಹೋಗಬಾರದು, ನಿಧಾನ ಜಾರಬೇಕು. ನೀರಾದರೆ ಮಗುವಿನ ಹೊಟ್ಟೆ ಬರೀ ನೀರಲ್ಲಿ ತುಂಬುತ್ತದೆ ಅಂತ. ಇದನ್ನು ನನಗೆ ಬಾಯಲ್ಲಿ ನೂರು ಸಲ ಹೇಳಿದ್ದರೂ ತಿಳಿಯುತ್ತಿರಲಿಲ್ಲ. ಒಂದು ಸಲ ಚಮಚ ಓರೆಯಾದದ್ದು ನೋಡಿದೆ, ತಿಳಿಯಿತು.

ಅಮ್ಮ ಫೋನಿನಲ್ಲಿ "ರಾಗಿ ಮಣ್ಣಿ ಕೊಡು" ಅಂದಳು. ರಾಗಿ ಎಲ್ಲಿಂದ ತರಲಿ? ಹುಡುಕುತ್ತಾ ಕೂತಾಗ ಒಂದು ವಿಡಿಯೋದಲ್ಲಿ ಒಬ್ಬ ತಾಯಿ ಹೇಳುತ್ತಿದ್ದರು, ಸಾಲ್ಮನ್ ಕೊಳ್ಳಲು ದುಡ್ಡಿಲ್ಲ ಅಂತ ಕೊರಗಬೇಡಿ, ನಮ್ಮ ಇಕಾನ್ ಕೆಂಬುಂಗ್ ಇದೆಯಲ್ಲ, ಅಗ್ಗ, ಒಳ್ಳೆಯ ಕೊಬ್ಬಿದೆ. ಹಾಗೆನ್ನುತ್ತಾ ಮೀನನ್ನು ಕಟ್ಟಿಂಗ್ ಬೋರ್ಡಿನ ಮೇಲೆ ಇಟ್ಟರು. ನೀಲಿ-ಹಸಿರು ಬೆನ್ನು, ಅದರ ಮೇಲೆ ಸಾಲಾಗಿ ಕಪ್ಪು ಚುಕ್ಕಿ, ಬೆಳ್ಳಿ ಹೊಟ್ಟೆ.

ಬಂಗುಡೆ! ಅದು ಬಂಗುಡೆ. ಗಂಗೊಳ್ಳಿ ಬಂದರದಿಂದ ಬರುವ, ಬಾಲ ಹಿಡಿದು ಅಮ್ಮ ಕಿವಿರು ಎತ್ತಿ ನೋಡುವ ಬಂಗುಡೆ. ಹನ್ನೊಂದು ತಿಂಗಳಿಂದ ಆ ಊರಲ್ಲಿದ್ದೆ, ಮಾರುಕಟ್ಟೆಗೆ ಕಾಲಿಟ್ಟಿರಲಿಲ್ಲ, ಬಂಗುಡೆ ಸಿಗುತ್ತದೆ ಅಂತ ಗೊತ್ತೇ ಇರಲಿಲ್ಲ. ಅತ್ತುಬಿಟ್ಟೆ. ಮರುದಿನ ಗಂಡ ಮಾಸ್ಕ್ ಹಾಕಿಕೊಂಡು ಹೋಗಿ ಒಂದು ಕಿಲೋ ತಂದರು. ಡಾಕ್ಟರನ್ನು ಕೇಳಿ, ಮುಳ್ಳು ಒಂದೂ ಬಿಡದೆ ತೆಗೆದು, ಮಗಳಿಗೆ ಮೊದಲ ಮೀನು ಕೊಟ್ಟೆ.

ಇಲ್ಲಿಯವರೆಗೆ ನಾನು ನೋಡುವವಳು ಮಾತ್ರ. ಮಾಡುವ ಕಡೆ ಹೋದದ್ದು ಪಕ್ಕದ ಮನೆಯಿಂದ.

ಪಕ್ಕದ ಮನೆಯವರನ್ನು ನಾನು ತೆತೆ ಅಂತ ಕರೆಯುತ್ತೇನೆ. ಪಶ್ಚಿಮ ಜಾವಾದವರ ಸುಂದಾ ಭಾಷೆಯಲ್ಲಿ ಅಕ್ಕ ಅಂತ ಅರ್ಥ. ಅವರು ನನ್ನನ್ನು ನೆಂಗ್ ಅನ್ನುತ್ತಾರೆ, ತನಗಿಂತ ಚಿಕ್ಕ ಹುಡುಗಿಯನ್ನು ಪ್ರೀತಿಯಿಂದ ಕರೆಯುವ ಮಾತು. ಅವರ ಗಂಡನೂ ಫ್ಯಾಕ್ಟರಿ ಕೆಲಸದವರೇ. ತೆತೆ ನಮ್ಮ ಬೀದಿಯ ಪೊಸ್ಯಾಂದುವಿನಲ್ಲಿ ಕಾದೆರ್. ಪೊಸ್ಯಾಂದು ಅಂದರೆ ನಮ್ಮ ಅಂಗನವಾಡಿಯನ್ನು ನೆನಪಿಸುವಂಥದ್ದು, ತಿಂಗಳಿಗೊಂದು ದಿನ ಮಕ್ಕಳ ತೂಕ, ಎತ್ತರ ನೋಡಿ ಗುಲಾಬಿ ಬಣ್ಣದ ಪುಸ್ತಕದಲ್ಲಿ ಬರೆಯುತ್ತಾರೆ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ವಿಟಮಿನ್ ಎ ಕೊಡುತ್ತಾರೆ. ಈ ಕೆಲಸ ಮಾಡುವ ಕಾದೆರ್‌ಗಳು ಬೀದಿಯ ತಾಯಂದಿರೇ, ಸೇವೆ ಅಂತ ಮಾಡುವವರು.

2021ರಲ್ಲಿ ಒಂದು ಬೆಳಗಿನ ಜಾವ ಮಗಳನ್ನು ಎತ್ತಿಕೊಂಡು ಹಿತ್ತಲಿನಲ್ಲಿ ಓಡಾಡುತ್ತಿದ್ದೆ. ತೆತೆಯ ಅಡುಗೆಮನೆಯಲ್ಲಿ ದೀಪ. ಒಲೆಯ ಮೇಲೆ, ಪಾತ್ರೆ ಜೋಡಿಸುವ ಸ್ಟ್ಯಾಂಡಿನಿಂದ ಒಂದು ಉದ್ದ ಸೌಟು ಅಡ್ಡ ಚಾಚಿದೆ, ಅದಕ್ಕೆ ನಾಲ್ಕೈದು ರಬ್ಬರ್ ಬ್ಯಾಂಡ್ ಹಾಕಿ ಫೋನು ಕಟ್ಟಿದ್ದಾರೆ. ಕೆಳಗೆ ಗಂಡನ ಬುತ್ತಿ ಡಬ್ಬಿ. ಅನ್ನ ಹಾಕಿದರು, ಮೂರು ಸೆಕೆಂಡ್ ಕೈ ತೆಗೆದು ನಿಂತರು. ಮೊಟ್ಟೆ ಇಟ್ಟರು, ಮತ್ತೆ ನಿಂತರು. ಫೋನು ಮೆಲ್ಲ ವಾಲುತ್ತಿತ್ತು. ನನ್ನನ್ನು ನೋಡಿ "ನೆಂಗ್, ಇದನ್ನು ಸ್ವಲ್ಪ ಹಿಡಿ" ಅಂದರು.

ಹಾಗೆ ಶುರುವಾಯಿತು. ಬುತ್ತಿಗೆ ಅಲ್ಲಿ ಬೆಕಾಲ್ ಅನ್ನುತ್ತಾರೆ, ಗಂಡನ ಬುತ್ತಿ ಕಟ್ಟುವ ವಿಡಿಯೋಗಳನ್ನು ಬಹಳ ಜನ ನೋಡುತ್ತಾರೆ. ಫ್ಯಾಕ್ಟರಿ ಊರುಗಳಲ್ಲಿ ಬೆಳಗಿನ ಪಾಳಿಗೆ ಹೋಗುವವರ ಮನೆಯಲ್ಲಿ ಆ ಹೊತ್ತಿಗೆ ಎಲ್ಲ ಹೆಂಗಸರೂ ಅದನ್ನೇ ಮಾಡುತ್ತಿರುತ್ತಾರೆ. ನೋಡುವವರು, ಮಾಡುವವರು ಒಂದೇ ಜನ.

ನಾನು ಫೋನ್ ಹಿಡಿಯುವವಳಾದೆ. ಮೊದಲ ದಿನ ಫೋನ್ ಅಡ್ಡ ಹಿಡಿದು ಇಡೀ ಅಡುಗೆ ಶೂಟ್ ಮಾಡಿದೆ. ಟಿಕ್‌ಟಾಕ್‌ಗೆ ನೆಟ್ಟಗೆ ಹಿಡಿಯಬೇಕು. ತೆತೆ ಏನೂ ಅನ್ನಲಿಲ್ಲ, ಸಂಜೆ ಇನ್ನೊಂದು ಸಲ ಅದೇ ಅಡುಗೆ ಮಾಡಿದರು. ಎರಡು ಸಲದ ಸಾಮಾನಿನ ಖರ್ಚು ನೆನೆದು ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಒಂದೂವರೆ ನಿಮಿಷದ ವಿಡಿಯೋ ಹೇಗಾಗುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ನೋಡುವಾಗ ಅದು ಸುಮ್ನೆ ಆದ ಹಾಗೆ ಕಾಣುತ್ತದೆ. ಬೆಳಕು ಬೇಕು. ತೆತೆಯ ಅಡುಗೆಮನೆಗೆ ಒಂದೇ ಬಾಗಿಲು, ಆರೂವರೆಯಿಂದ ಎಂಟರವರೆಗೆ ಅಲ್ಲಿಂದ ಒಳ್ಳೆಯ ಬೆಳಕು ಬರುತ್ತದೆ. ಅಷ್ಟರಲ್ಲಿ ಮುಗಿಯಬೇಕು, ಇಲ್ಲವಾದರೆ ಕೈಯ ನೆರಳು ಬಾಣಲೆಯ ಮೇಲೆ ಬೀಳುತ್ತದೆ. ಒಂದೊಂದು ಶಾಟ್ ಮೂರು, ನಾಲ್ಕು ಸೆಕೆಂಡ್. ಚಿತ್ರ ತೆಗೆಯುವಾಗ ಮಾತಿಲ್ಲ. ಎಣ್ಣೆ ಚಟಪಟ ಅನ್ನುವುದು, ಕಲ್ಲಿನಲ್ಲಿ ಅರೆಯುವ ಸದ್ದು, ಇಷ್ಟೇ ಇರಬೇಕು. ಅಲ್ಲಿನ ಅರೆಯುವ ಕಲ್ಲು ತಟ್ಟೆಯ ಹಾಗೆ ಚಪ್ಪಟೆ, ಗುಂಡು ಸ್ವಲ್ಪ ಬಾಗಿರುತ್ತದೆ. ಜಜ್ಜುವುದಿಲ್ಲ. ಮಣಿಕಟ್ಟನ್ನು ಅಲುಗಿಸುತ್ತಾ ಒತ್ತಿ ಎಳೆಯುತ್ತಾರೆ. ಮೆಣಸು ಮೊದಲು ಸಿಡಿದು ಬೀಜ ಹೊರಗೆ ಬರುತ್ತದೆ, ಆಮೇಲೆ ಉಪ್ಪಿನ ಹರಳಿನ ಜೊತೆ ಉಜ್ಜಿ ಕೆಂಪು ಹಿಟ್ಟಾಗುತ್ತದೆ, ಕೊನೆಗೆ ತೆರಾಸಿ, ಅಂದರೆ ಸಿಗಡಿಯನ್ನು ಹುಳಿಬರಿಸಿ ಒಣಗಿಸಿದ ಗಟ್ಟಿ. ಆ ಹತ್ತು ಸೆಕೆಂಡಿಗೋಸ್ಕರ ಎಷ್ಟೋ ಜನ ವಿಡಿಯೋ ನೋಡುತ್ತಾರೆ ಅಂತ ಕಾಮೆಂಟ್ ಓದಿದರೆ ಗೊತ್ತಾಗುತ್ತದೆ.

ಮಾತನ್ನು ಆಮೇಲೆ ಸೇರಿಸುತ್ತಾರೆ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ತೆತೆ ಹೊದಿಕೆ ತಲೆಯ ಮೇಲೆ ಎಳೆದುಕೊಂಡು, ಒಳಗೆ ಕೂತು ಹೇಳುತ್ತಾರೆ. ಹೊದಿಕೆಯೊಳಗೆ ಸದ್ದು ಗುಂಯ್ ಅನ್ನುವುದಿಲ್ಲ. ಮಸೀದಿಯಿಂದ ಅಜಾನ್ ಬಂದರೆ ನಿಲ್ಲಿಸಿ, ಪ್ರಾರ್ಥನೆ ಮುಗಿಸಿ ಮತ್ತೆ. ಕ್ಯಾಪ್‌ಕಟ್ ಅನ್ನುವ ಆಪ್‌ನಲ್ಲಿ ಕತ್ತರಿಸಿ ಜೋಡಿಸುವ ಕೆಲಸವನ್ನು ನಾನು ಕಲಿತೆ. ಒಂದೂವರೆ ನಿಮಿಷಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು.

ಇಲ್ಲಿ ಒಂದು ವಿಷಯ ಆಯಿತು, ನನ್ನ ಮಟ್ಟಿಗೆ ಅದು ದೊಡ್ಡದು. ಒಮ್ಮೆ ತೆತೆ ಟಿವಿಯವರ ಹಾಗೆ ಶುದ್ಧ ಇಂಡೋನೇಷ್ಯನ್‌ನಲ್ಲಿ ಹೇಳಿದರು. ಸ್ಪಷ್ಟವಾಗಿತ್ತು, ಒಂದೂ ತಪ್ಪಿರಲಿಲ್ಲ, ಆದರೆ ಕೇಳಿದರೆ ತೆತೆಯೇ ಅನಿಸುತ್ತಿರಲಿಲ್ಲ. ಸುಂದಾ ಜನ ಮಾತಿನ ಮಧ್ಯೆ "ಮಾಹ್" ಅಂತ, ಕೊನೆಗೆ "ಅತುಹ್" ಅಂತ ಸೇರಿಸುತ್ತಾರೆ, ನಮ್ಮ "ಮಾರಾಯ್ತಿ"ಯ ಹಾಗೆ. ಅದಿಲ್ಲದೆ ಮಾತಿಗೆ ಜೀವ ಇಲ್ಲ. ನಾನು ಹಾಗೇ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಳ್ಳಿಯವರ ಮಾತು ಅನ್ನುತ್ತಾರೆ, ನೆಂಗ್" ಅಂದರು. ನಮ್ಮಲ್ಲೂ ಕುಂದಾಪುರದ ಕನ್ನಡಕ್ಕೆ ಹಾಗೆ ಅನ್ನುವವರಿದ್ದಾರೆ ಅಂತ ಹೇಳಿದೆ. ಮತ್ತೊಮ್ಮೆ ಹೊದಿಕೆಯೊಳಗೆ ಹೋದರು. ಆಮೇಲಿಂದ ಇವತ್ತಿನವರೆಗೆ ಅತುಹ್ ಬಿಟ್ಟಿಲ್ಲ. ಆ ವಿಡಿಯೋದ ಕೆಳಗೆ ಜಪಾನಿನಲ್ಲಿ ಕೆಲಸಕ್ಕಿರುವ ಒಬ್ಬಳು ಬರೆದಿದ್ದಳು, ಅಮ್ಮನ ದನಿ ಕೇಳಿದ ಹಾಗಾಯಿತು ಅಂತ.

ಇನ್ನೊಂದು, ಫ್ರೇಮಿನಲ್ಲಿ ಏನು ಕಾಣಬೇಕು ಅನ್ನುವುದು. ತೆತೆಯ ಒಲೆಯ ಪಕ್ಕ ಹಸಿರು ಸಿಲಿಂಡರ್ ಇರುತ್ತದೆ, ಸರ್ಕಾರದ ಸಬ್ಸಿಡಿಯ 3 ಕಿಲೋದ್ದು. ಗುಂಡಗೆ ಹಸಿರಾಗಿ ಇರುವುದರಿಂದ ಕರ್ಬೂಜ ಗ್ಯಾಸ್ ಅಂತಲೇ ಕರೆಯುತ್ತಾರೆ. 2007ರಿಂದ ಸೀಮೆಎಣ್ಣೆ ಬಿಡಿಸಿ ಮನೆಮನೆಗೆ ಕೊಟ್ಟದ್ದು ಅದನ್ನೇ. ಚಂದ ಕಾಣಲಿ ಅಂತ ನಾನು ಒಂದು ದಿನ ಅದನ್ನು ಪಕ್ಕಕ್ಕೆ ಸರಿಸಲು ಹೋದೆ. ತೆತೆ ಬೇಡ ಅಂದರು. "ಅದನ್ನು ನೋಡಿದರೆ ಇದು ತಮ್ಮಂಥವರ ಮನೆ ಅಂತ ಅವರಿಗೆ ಗೊತ್ತಾಗುತ್ತೆ. ಆಗ ಮಾತ್ರ ನಾನು ಹೇಳಿದ ಬೆಲೆ ನಂಬುತ್ತಾರೆ." ಬೆಲೆ ಹೇಳದೆ ಅವರು ಒಂದು ವಿಡಿಯೋ ಮುಗಿಸಿದ್ದಿಲ್ಲ. ಮೆಣಸಿನ ಬೆಲೆ ಏರಿದ ವಾರ ಮೆಣಸು ಎಣಿಸಿ ಹಾಕಿದ್ದನ್ನೂ ತೋರಿಸಿದ್ದಾರೆ.

ದುಡ್ಡಿನ ವಿಷಯ ಹೇಳಲೇಬೇಕು. ಗಂಡನ ಜೊತೆ ಬಂದವರ ವೀಸಾದಲ್ಲಿ ನಾವು ದುಡಿಯುವ ಹಾಗಿಲ್ಲ, ಹಾಗಾಗಿ ನಾನು ಒಂದು ರುಪಿಯಾ ಮುಟ್ಟಲಿಲ್ಲ. ತೆತೆಗೆ ಬಂದದ್ದು ಹಳದಿ ಬುಟ್ಟಿಯಿಂದ. ವಿಡಿಯೋದ ಕೆಳಗೆ ಹಳದಿ ಬುಟ್ಟಿಯ ಗುರುತು ಇರುತ್ತದೆ, ಅದನ್ನು ಒತ್ತಿ ಯಾರಾದರೂ ಜಾಲರಿಯನ್ನೋ ಬುತ್ತಿ ಡಬ್ಬಿಯನ್ನೋ ಕೊಂಡರೆ ಇವರಿಗೆ ಕಮಿಷನ್. ಮೊದಲ ತಿಂಗಳ ಕಮಿಷನ್‌ನಲ್ಲಿ ಮಗನ ಶಾಲೆಯ ಶೂ ತಂದರು. ಮುಂದೆ ಪ್ರತಿ ತಿಂಗಳು ಸ್ಕೂಟರಿನ ಕಂತು ಅದರಲ್ಲೇ ಹೋಗುತ್ತಿತ್ತು.

2023ರ ಅಕ್ಟೋಬರ್ 4ಕ್ಕೆ ಟಿಕ್‌ಟಾಕ್ ಶಾಪ್, ಅಂದರೆ ಆ ಹಳದಿ ಬುಟ್ಟಿಯ ವ್ಯಾಪಾರ, ಇಂಡೋನೇಷ್ಯಾದಲ್ಲಿ ಮುಚ್ಚಿತು. ಸೋಷಿಯಲ್ ಮೀಡಿಯಾ ಆಪ್‌ನೊಳಗೇ ವ್ಯಾಪಾರ ನಡೆಸುವ ಹಾಗಿಲ್ಲ ಅಂತ ವ್ಯಾಪಾರ ಸಚಿವಾಲಯದ ಹೊಸ ನಿಯಮ. ಜಕಾರ್ತಾದ ತಾನಾ ಅಬಾಂಗ್‌ನಂಥ ದೊಡ್ಡ ಬಟ್ಟೆ ಮಾರುಕಟ್ಟೆಯಲ್ಲೇ ಗಿರಾಕಿ ಇಲ್ಲ ಅಂತ ವ್ಯಾಪಾರಿಗಳು ಗೋಳಾಡುತ್ತಿದ್ದರು. ತೆತೆಯ ನಾದಿನಿ ಮಾರುಕಟ್ಟೆಯಲ್ಲಿ ಮಕ್ಕಳ ಬಟ್ಟೆ ಮಾರುವವರು, ಅವರಿಗೆ ಆ ಸುದ್ದಿ ಕೇಳಿ ಸಮಾಧಾನ. ತೆತೆಗೆ ಕಂತಿನ ಚಿಂತೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ಇದನ್ನು ಮಾತಾಡುತ್ತಿದ್ದರು, ನಾನು ಮಧ್ಯ ಕೂತಿದ್ದೆ. ಇಬ್ಬರ ಕಷ್ಟವೂ ನಿಜವೇ ಆಗಿತ್ತು. ಡಿಸೆಂಬರ್ 12ಕ್ಕೆ ಅಲ್ಲಿನ ಆನ್‌ಲೈನ್ ಅಂಗಡಿ ಟೋಕೋಪೀಡಿಯಾ ಜೊತೆ ಸೇರಿ ಮತ್ತೆ ತೆರೆಯಿತು. ನಡುವಿನ ಎರಡು ತಿಂಗಳ ಕಂತನ್ನು ತೆತೆ ಅರಿಸಾನ್ ದುಡ್ಡಿನಲ್ಲಿ ಕಟ್ಟಿದರು. ಅರಿಸಾನ್ ಅಂದರೆ ಹೆಂಗಸರು ಸೇರಿ ನಡೆಸುವ ಚೀಟಿ, ನಮ್ಮ ಹಾಗೇ.

ಒಳ್ಳೆಯದು ಮಾತ್ರ ಆಯಿತು ಅಂತ ಅಲ್ಲ. ಹೆರಿಗೆ ಆದ ಮೇಲೆ ಹೊಟ್ಟೆ ಇಳಿಸುವ ಪಾನೀಯ ಅಂತ ಒಬ್ಬರು ಪ್ಯಾಕೆಟ್ ಕಳಿಸಿ, "ಕುಡಿದೆ, ಇಳಿಯಿತು ಅಂತ ಹೇಳಿ" ಅಂದರು. ಎರಡು ತಿಂಗಳ ಕಮಿಷನ್‌ಗೆ ಸಮ ದುಡ್ಡು. ಅಲ್ಲಿ ಇಂಥದ್ದಕ್ಕೆಲ್ಲ ಬಿಪಾಮ್ ನಂಬರ್ ಇರಬೇಕು, ಆಹಾರ ಮತ್ತು ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅದು, ಫೋನಿನಲ್ಲೇ ನಂಬರ್ ಹಾಕಿ ನೋಡಬಹುದು. ಹಾಕಿ ನೋಡಿದೆವು, ಆ ನಂಬರ್‌ಗೆ ಬೇರೆಯೇ ಪದಾರ್ಥ ಬಂತು. ತೆತೆ ಪ್ಯಾಕೆಟ್ ವಾಪಸ್ ಕಳಿಸಿದರು. ಮಗುವಿಗೆ ಹಾಲು ಕುಡಿಸುವವರು ನನ್ನ ಮಾತು ಕೇಳಿ ಕುಡಿದರೆ ಏನು ಗತಿ ಅಂತ ಎರಡು ದಿನ ಅದನ್ನೇ ಹೇಳುತ್ತಿದ್ದರು.

ಇನ್ನೊಂದು ಸಲ ತೆತೆಯ ಚಿಕ್ಕ ಮಗ ಗಂಜಿ ತಿನ್ನುವ ತುಣುಕನ್ನು ಯಾರೋ ಎತ್ತಿ ತಮ್ಮ ಜಾಹೀರಾತಿಗೆ ಹಾಕಿಕೊಂಡರು. ಮಗು ಊಟ ಮಾಡುವುದಿಲ್ಲವೇ, ಈ ಸಿರಪ್ ಕೊಡಿ ಅಂತ. ಅವನ ಮುಖ, ಅವನ ನಗು, ಯಾವುದೋ ಸಿರಪ್. ಅದನ್ನು ತೆಗೆಸಲು ದಿನಗಟ್ಟಲೆ ದೂರು ಕೊಟ್ಟೆವು. ಆಮೇಲೆ ಒಂದು ಭಾನುವಾರ ಇಬ್ಬರೂ ಕೂತು ಅವನ ಮುಖ ಇರುವ ಹಳೆಯ ವಿಡಿಯೋಗಳನ್ನೆಲ್ಲ ಒಂದೊಂದಾಗಿ ಅಳಿಸಿದೆವು. ಕೆಲವಕ್ಕೆ ಸಾವಿರಾರು ಲೈಕ್ ಇತ್ತು. ಈಗ ಮಕ್ಕಳ ಕೈ ಮಾತ್ರ ಕಾಣುತ್ತದೆ. ಇದನ್ನು ಮೊದಲೇ ಮಾಡಬೇಕಿತ್ತು. ಮಕ್ಕಳಿರುವವರು ದಯವಿಟ್ಟು ಇದೊಂದನ್ನು ಯೋಚಿಸಿ.

2023ರ ಜನವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಪೌಷ್ಟಿಕ ದಿನಕ್ಕೆ ಮೊಟ್ಟೆ, ಮೀನಿನಂಥ ಪ್ರೋಟೀನಿನ ಬಗ್ಗೆಯೇ ಪ್ರಚಾರ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು 2021ರ ಸರ್ವೆಯಲ್ಲಿ ಶೇಕಡಾ 24.4, ಮರುವರ್ಷ 21.6. ನಾಲ್ಕರಲ್ಲಿ ಒಂದು, ಐದರಲ್ಲಿ ಒಂದು ಮಗು ಅನ್ನಿ. ಪೊಸ್ಯಾಂದುವಿನಲ್ಲಿ ಚಾರ್ಟ್ ತೂಗುಹಾಕಿದ್ದರು, ಅದರತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ತೆತೆ ಒಂದು ಮೊಟ್ಟೆಯಲ್ಲಿ ಮಗುವಿನ ಇಡೀ ದಿನದ ಊಟ ಅಂತ ಒಂದು ವಿಡಿಯೋ ಮಾಡಿದರು. ಮುಂದಿನ ತಿಂಗಳು ತೂಕಕ್ಕೆ ಬಂದ ತಾಯಂದಿರು "ತೆತೆ, ಆ ಮೊಟ್ಟೆದು ಮಾಡಿದೆ" ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆ ಹುಮ್ಮಸ್ಸಿನಲ್ಲೇ ತೆತೆ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದರು. "ನಿನ್ನ ಕೆಂಬುಂಗ್ ಸಾರು ಮಾಡು. ಫೋನು ನಾನು ಹಿಡಿಯುತ್ತೇನೆ." ಊರಿಂದ ಬಂದವರೊಬ್ಬರು ಬ್ಯಾಡಗಿ ಮೆಣಸು ತಂದುಕೊಟ್ಟಿದ್ದರು. ಕೊತ್ತಂಬರಿ, ಸ್ವಲ್ಪ ಮೆಂತ್ಯ, ಅರಿಶಿನ, ಬೆಳ್ಳುಳ್ಳಿ, ಹುಣಸೆಹುಳಿ. ಹುಣಸೆಗೆ ಅಲ್ಲಿ ಆಸಮ್ ಜಾವಾ ಅನ್ನುತ್ತಾರೆ, ಜಾವಾದ ಹುಳಿ ಅಂತ. ಮೆಣಸು ಇಪ್ಪತ್ತು ಹಾಕಿದೆ. ತೆತೆಯ ಕೈ ನಡುಗಿ ಫೋನು ಅಲುಗಾಡಿತು, ಆ ಶಾಟ್ ಹಾಗೇ ಇಟ್ಟುಕೊಂಡೆವು. ಬ್ಯಾಡಗಿ ಬಣ್ಣಕ್ಕೆ, ಅಷ್ಟು ಖಾರ ಇಲ್ಲ ಅಂತ ಹೇಳಿದರೂ ನಂಬಲಿಲ್ಲ, ಚೂರು ಕಚ್ಚಿ ನೋಡಿದ ಮೇಲೆ ಒಪ್ಪಿದರು. ಬೆಲೆಗಳನ್ನು ಹೇಳುವ ಕೆಲಸವೂ ನನ್ನದೇ. ಹೊದಿಕೆಯೊಳಗೆ ಕೂತು ನನ್ನ ಇಂಡೋನೇಷ್ಯನ್‌ನಲ್ಲಿ ಹೇಳಿದೆ, ಮೀನು ಇಷ್ಟು, ತೆಂಗಿನಕಾಯಿ ಇಷ್ಟು, ಮೆಣಸು ಊರಿಂದ ಬಂದದ್ದು.

ಕಾಮೆಂಟಿನಲ್ಲಿ ತೆಂಗಿನಕಾಯಿಯದೇ ಮಾತು. ಅಲ್ಲಿ ತುರಿಯನ್ನು ಹಿಂಡಿ ಹಾಲು ತೆಗೆದು, ಚರಟವನ್ನು ಬದಿಗಿಡುತ್ತಾರೆ. ನಾವು ತುರಿಯನ್ನೇ ಮೆಣಸಿನ ಜೊತೆ ನುಣ್ಣಗೆ ಅರೆದು ಎಲ್ಲವನ್ನೂ ಹಾಕುತ್ತೇವೆ. ಗಂಟಲಿಗೆ ಸಿಕ್ಕುವುದಿಲ್ಲವೇ ಅಂತ ಕೆಲವರು. ಏನೂ ದಂಡವಾಗದು, ಒಳ್ಳೆಯ ಉಪಾಯ ಅಂತ ಕೆಲವರು. ನುಣ್ಣಗೆ ಅರೆದರೆ ಸಿಕ್ಕುವುದಿಲ್ಲ ಅಂತ ನಾನು ಒಬ್ಬೊಬ್ಬರಿಗೂ ಉತ್ತರ ಬರೆದೆ. ಒಂದು ವಾರದ ಮೇಲೆ ಸುಮಾತ್ರಾದ ಒಬ್ಬರು ತಾವು ಮಾಡಿದ ಸಾರಿನ ಫೋಟೋ ಹಾಕಿದರು. ಬಣ್ಣ ಸ್ವಲ್ಪ ಹಳದಿ, ಆದರೆ ಅದು ಬಂಗುಡೆ ಸಾರೇ.

ಅಮ್ಮನಿಗೆ ಇದು ಯಾವುದೂ ನೇರ ಕಾಣುತ್ತಿರಲಿಲ್ಲ. ಇಂಡಿಯಾದಲ್ಲಿ ಟಿಕ್‌ಟಾಕ್ ನಿಂತದ್ದು 2020ರ ಜೂನ್ 29ಕ್ಕೆ, ಮಗಳಿಗೆ ಆಗ ಒಂಬತ್ತು ದಿನ. ಹಾಗಾಗಿ ಎಲ್ಲವನ್ನೂ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ಅಮ್ಮನಿಗೆ ಭಾಷೆ ಬರದು, ಆದರೂ ಊಟ ಆದ ಮೇಲೆ ಚಾವಡಿಯಲ್ಲಿ ಕೂತು ನೋಡುತ್ತಾಳೆ. ತೆತೆಗೆ ಬೆಲೆ ಹೇಳುವ ಅಭ್ಯಾಸ ಇದೆ ಅಂತ ನಾನು ಹೇಳಿದ್ದೆ. "ಅದು ಒಳ್ಳೇದು ಮಗಾ. ಖರ್ಚಿನ ಲೆಕ್ಕ ಯಾರು ಹೇಳ್ತ್ರ್?" ಅಂದಿದ್ದಳು.

2024ರ ಅಷ್ಟಮಿಗೆ ಅಮ್ಮನಿಂದ ಒಂದು ವಿಡಿಯೋ ಬಂತು. ಪಕ್ಕದ ಮನೆಯ ಹುಡುಗಿಯ ಹತ್ತಿರ ಫೋನು ಹಿಡಿಸಿ ಕೊಟ್ಟೆ ಕಡುಬು ಮಾಡಿದ್ದಾಳೆ. ಮುಖ ಕಾಣುವುದಿಲ್ಲ, ಬಳೆ ಹಾಕಿದ ಎರಡು ಕೈ. ನಾಲ್ಕು ಹಲಸಿನ ಎಲೆ ಜೋಡಿಸಿ, ಹಿಡಿಕಡ್ಡಿ ಮುರಿದು ಚುಚ್ಚಿ ಕೊಟ್ಟೆ ಮಾಡುವುದನ್ನು ನಿಧಾನ ತೋರಿಸಿದ್ದಾಳೆ. ಚುಚ್ಚಿದ ಮೇಲೆ ಮೂರು ಸೆಕೆಂಡ್ ಕೈ ತೆಗೆದು ನಿಂತಿದ್ದಾಳೆ, ತೆತೆಯ ಹಾಗೇ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ತೆತೆಗೆ ತೋರಿಸಿದೆ. ಅವರು ಫೋನು ಹತ್ತಿರ ಹಿಡಿದು "ಲಿದಿ!" ಅಂತ ಕೂಗಿದರು. ಅಲ್ಲಿ ಬಾಳೆಎಲೆ ಮಡಚಿ ಚುಚ್ಚುವುದೂ ತೆಂಗಿನ ಗರಿಯ ಕಡ್ಡಿಯಿಂದಲೇ, ಅದಕ್ಕೆ ಲಿದಿ ಅಂತ ಹೆಸರು. ಆ ಕೂಡಲೇ ಹಿಂದಿನ ಮನೆಯವರ ಹಲಸಿನ ಮರದ ಎಲೆ ಕೇಳಲು ಮಗನನ್ನು ಓಡಿಸಿದರು. ಅಮ್ಮನ ವಿಡಿಯೋವನ್ನು ತಮ್ಮಲ್ಲಿ ಹಾಕುತ್ತೇನೆ, ಮಾತು ಬದಲಿಸುವುದು ಬೇಡ, ಕೆಳಗೆ ಅಕ್ಷರದಲ್ಲಿ ಅರ್ಥ ಬರೆದರೆ ಸಾಕು ಅಂದರು. ನಾನು ಕೂತು ಒಂದೊಂದೇ ಸಾಲು ಬರೆದೆ.

ವಿಡಿಯೋದ ಕೊನೆಗೆ ಅಮ್ಮ ಗಂಟಲು ಸರಿಮಾಡಿಕೊಂಡು ಲೆಕ್ಕ ಹೇಳುತ್ತಾಳೆ. ಅಕ್ಕಿ 25 ರೂಪಾಯಿದು. ಉದ್ದು 40 ರೂಪಾಯಿದು. "ಎಲಿಗೆ ದುಡ್ಡಿಲ್ಲ. ನಮ್ದೇ ಮರ." ಅದರ ಕೆಳಗೆ ತೆತೆ ತಾವೇ ಬರೆದರು: ದಾಉನ್, ಗ್ರಾತಿಸ್. ಎಲೆ, ಪುಕ್ಕಟೆ.